ಅವ್ವ ಯಾರ ಡಬ್ಬಿಯನ್ನೂ ಬರಿದು ಕಳಿಸಲಿಲ್ಲ

ಅವ್ವ ತೀರಿಕೊಂಡಾಗ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ರೊಟ್ಟಿ, ಝುಣಕ, ಅನ್ನ, ಸಾರು ಎಲ್ಲ ಅಕ್ಕಪಕ್ಕದ ಮನೆಗಳಿಂದ ಬಂತು. ಕಾರ್ಯ ಮುಗಿದು ನೆಂಟರು ಊರಿಗೆ ಹೋದ ಮೇಲೆ ನೋಡುತ್ತೇನೆ, ಅಡುಗೆಮನೆ ತುಂಬ ಬೇರೆಯವರ ಡಬ್ಬಿಗಳು. ಎಣಿಸಿದೆ, ಇಪ್ಪತ್ತಮೂರು. ನನ್ನ ಸೊಸೆ, "ಅತ್ತಿ, ಯಾರದು ಯಾವುದು ಅಂತ ಹೆಂಗ ಗೊತ್ತಾಗಬೇಕು?" ಎಂದಳು.

ಸ್ಟೀಲಿನವುಗಳ ಚಿಂತೆ ಇರಲಿಲ್ಲ. ಕೊಳ್ಳುವಾಗಲೇ ಅಂಗಡಿಯಲ್ಲಿ ಹೆಸರು ಕೊರೆಸಿರುತ್ತಾರೆ. ತೊಂದರೆ ಪ್ಲಾಸ್ಟಿಕ್ ಡಬ್ಬಿಗಳದು. ಅವುಗಳ ತಳಕ್ಕೆ ಉಗುರುಬಣ್ಣದಲ್ಲಿ ಒಂದು ಗುರುತು ಹಾಕಿಡಿ. ಮುಚ್ಚಳಕ್ಕೂ ಹಾಕಿ. ಡಬ್ಬಿಗಿಂತ ಮುಚ್ಚಳ ಅದಲುಬದಲಾಗುವುದೇ ಜಾಸ್ತಿ. ಇದು ಅವ್ವನದೇ ಉಪಾಯ. ಓದು ಬರಹ ಬರುತ್ತಿರಲಿಲ್ಲ, ಆದರೆ ಎರಡು ಚುಕ್ಕಿ ಯಾರ ಮನೆಯದು, ಅಡ್ಡಗೆರೆ ಯಾರದು ಎಲ್ಲ ಬಾಯಿಪಾಠ ಇತ್ತು.

ನಾವು ಮೊದಲು ಇದ್ದದ್ದು ಹಳೇ ಬಾಗಲಕೋಟೆಯಲ್ಲಿ. ಆಲಮಟ್ಟಿಯ ಹಿನ್ನೀರು ಘಟಪ್ರಭೆಯಲ್ಲಿ ಏರಿ ಬರುತ್ತದೆ ಎಂದು ಮನೆ ಬಿಟ್ಟು ನವನಗರಕ್ಕೆ ಬಂದೆವು. ಒಂದೇ ಓಣಿಯವರು ಬೇರೆ ಬೇರೆ ಸೆಕ್ಟರ್‌ಗಳಿಗೆ ಚದುರಿ ಹೋದರು. ಮೊದಲ ತಿಂಗಳು ಅವ್ವ ಬಾಗಿಲಲ್ಲಿ ಸುಮ್ನೆ ಕೂತಿರುತ್ತಿದ್ದಳು. ಆಮೇಲೆ ಒಂದು ದಿನ ಹಳೇ ನೆರೆಯವರ ಒಂದು ಡಬ್ಬಿ ನಮ್ಮ ಗಂಟಿನಲ್ಲಿ ಬಂದದ್ದು ಸಿಕ್ಕಿತು. ಅದಕ್ಕೆ ಶೇಂಗಾ ಚಟ್ನಿ ತುಂಬಿಕೊಂಡು, ಮನೆ ಕೇಳುತ್ತಾ ಕೇಳುತ್ತಾ ಹೊರಟಳು. ಬರುವಾಗ ಕೈಯಲ್ಲಿ ಅವರದೇ ಇನ್ನೊಂದು ಡಬ್ಬಿ, ಒಳಗೆ ಗುರೆಳ್ಳು ಚಟ್ನಿ. ಮುಂದೆ ಅದು ನಿಲ್ಲಲೇ ಇಲ್ಲ. ಒಮ್ಮೆ ನಾನು ತೊಳೆದ ಡಬ್ಬಿಯನ್ನು ಹಾಗೇ ಎತ್ತಿಕೊಂಡೆ. "ಬರೇ ಡಬ್ಬಿ ಒಯ್ತೀ ಏನು? ಅವರಿಗೆ ಡಬ್ಬಿ ಇಲ್ಲೇನು ಮನ್ಯಾಗ?" ಎಂದು ಗದರಿಸಿದಳು. ಏನೂ ಇಲ್ಲದ ದಿನ ಒಂದು ಹಿಡಿ ಬೆಲ್ಲ ಹಾಕುತ್ತಿದ್ದಳು.

ಹಾಗೆ ಕೊಡಬೇಕಾದರೆ ಮನೆಯಲ್ಲಿ ಏನಾದರೂ ಇರಬೇಕಲ್ಲ. ಅದಕ್ಕೆ ಅವ್ವನ ಆಸರೆ ಖಡಕ್ ರೊಟ್ಟಿ. ದಿನದ ರೊಟ್ಟಿ ಮುಗಿದ ಮೇಲೆ ಹತ್ತು ರೊಟ್ಟಿ ಜಾಸ್ತಿ ಬಡಿಯುತ್ತಿದ್ದಳು. ಮಕ್ಕಳೇ, ಜೋಳದ ಹಿಟ್ಟಿಗೆ ಗೋದಿಯ ಹಾಗೆ ಜಿಗಿ ಇರುವುದಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ಕಲಸಬೇಕು. ಹಿಟ್ಟು ಹಳತಾದರೆ ಎಷ್ಟು ನಾದಿದರೂ ಅಂಚು ಸೀಳುತ್ತದೆ. ಆಗ ಕೈಯನ್ನು ಬೈಯಬೇಡಿ, ಹಿಟ್ಟನ್ನು ಬೈಯಿರಿ. ಎಂಟು ಹತ್ತು ದಿನಕ್ಕೆ ಆಗುವಷ್ಟೇ ಬೀಸಿಸಿ. ರೊಟ್ಟಿ ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ಒಣಹಿಟ್ಟು ಹೋಗುತ್ತದೆ. ಖಡಕ್ ಆಗಬೇಕಾದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೆಂದ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತಾ ಒಣಗಿಸಬೇಕು. ಪೂರ್ತಿ ಆರಿದ ಮೇಲೇ ಡಬ್ಬಿಗೆ. ಬಿಸಿ ಇರುವಾಗ ಮುಚ್ಚಿದರೆ ಬೆವತು ಮೆತ್ತಗಾಗುತ್ತದೆ, ಆಮೇಲೆ ಬೂಷ್ಟು. ಮಳೆಗಾಲದಲ್ಲಿ ಮೆತ್ತಗಾದರೆ ಹಂಚಿನ ಮೇಲೆ ಇನ್ನೊಮ್ಮೆ ಬೆಚ್ಚಗೆ ಮಾಡಿದರೆ ಸಾಕು.

ಚಟ್ನಿಯಲ್ಲಿ ಅವ್ವ ಮಿಕ್ಸರ್ ಒಪ್ಪಲಿಲ್ಲ. ನಾನು ಒಪ್ಪಿದ್ದೇನೆ, ಮೊಣಕೈ ಕೇಳಬೇಕಲ್ಲ! ಆದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಅಗಸಿ ಚಟ್ನಿಯನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಮಾಡಿ. ಪುಡಿಯಾದ ಅಗಸಿಯ ಎಣ್ಣೆ ನಮ್ಮ ಬಿಸಿಲಿಗೆ ಬೇಗ ಕೆಡುತ್ತದೆ, ಕಮಟು ವಾಸನೆ ಬರುತ್ತದೆ. ಕಾಳು ಹಾಗೇ ಇದ್ದರೆ ತಿಂಗಳುಗಟ್ಟಲೆ ಇರುತ್ತದೆ.

ಜೋಳ ತುಂಬುವ ದಿನ ಅವ್ವ ಯಾರ ಮಾತೂ ಕೇಳುತ್ತಿರಲಿಲ್ಲ. ಬಿಸಿಲಿಗೆ ಒಣಹಾಕಿದ ಕಾಳನ್ನು ಒಳಗೆ ತಂದು, ತಣ್ಣಗಾಗುವವರೆಗೆ ಹರಡಿಡಬೇಕು. ಬಿಸಿ ಕಾಳು ತುಂಬಿದರೆ ಅದೂ ಬೆವರುತ್ತದೆ. ಬೇವಿನ ಎಲೆಯನ್ನು ನೆರಳಲ್ಲಿ ಒಣಗಿಸಿಯೇ ಹಾಕಬೇಕು. ಹಸಿ ಎಲೆ ಹಾಕಿದರೆ ಹುಳ ಹೋಗುವುದಿರಲಿ, ತೇವ ಬಂದು ಕೂರುತ್ತದೆ. ಗೋದಿಗೆ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಹತ್ತು ಕಿಲೋಗೆ ಎರಡು ದೊಡ್ಡ ಚಮಚ, ಅಂಗೈಗೆ ಹಚ್ಚಿಕೊಂಡು ಕಾಳನ್ನು ಉಜ್ಜಬೇಕು. ಬೀಸಿಸುವ ಮುಂಚೆ ತೊಳೆದು ಒಣಗಿಸಿ. ತುಂಬಿದ ಮೇಲೆ ಒಂದು ಚೀಲ ಬಾಯಿ ಕಟ್ಟದೆ ಹೊರಗೇ ಇರುತ್ತಿತ್ತು. ಕೇಳಿಕೊಂಡು ಬಂದವರಿಗೆ ಅಂತ ಅದು. "ಕಟ್ಟಿದ ಚೀಲ ಬಿಚ್ಚೂ ಮುಂದ ಮನಸು ಸಣ್ಣದಾಗತೈತಿ" ಎನ್ನುತ್ತಿದ್ದಳು.

ಅವಳ ಇಳಕಲ್ ಸೀರೆಗಳನ್ನು ಮೊಮ್ಮಕ್ಕಳು ಹಂಚಿಕೊಂಡರು. ಅವರಿಗೆ ಹೇಳಿದ್ದು ಇಷ್ಟೇ: ನೆನೆಹಾಕಬೇಡಿ, ಪಕ್ಕನೆ ಅದ್ದಿ ತೆಗೆದು ನೆರಳಲ್ಲಿ ಒಣಗಿಸಿ. ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಸೇರಿಸಿರುತ್ತಾರೆ, ಅಲ್ಲಿ ಹಿಡಿದು ಹಿಂಡಬೇಡಿ. ಪ್ಲಾಸ್ಟಿಕ್ ಚೀಲ ಬೇಡ, ಹಳೇ ಧೋತರದಲ್ಲಿ ಸುತ್ತಿಡಿ. ಮಡಿಕೆಯನ್ನು ಆಗಾಗ ಬದಲಿಸಿ. ಹರಿದ ನಾಲ್ಕು ಸೀರೆ ನನ್ನ ಪಾಲಿಗೆ ಬಂದಿವೆ. ಬೇಸಿಗೆಯಲ್ಲಿ ಕೌದಿ ಹೊಲಿಯಬೇಕು. ದಾರ ಪೋಣಿಸಿ ಕೊಡಲು ಕಿರಿಯ ಮೊಮ್ಮಗಳನ್ನು ಈಗಲೇ ಗೊತ್ತು ಮಾಡಿದ್ದೇನೆ.

ಡಬ್ಬಿಗಳ ಮಾತಿಗೆ ಬರುತ್ತೇನೆ. ಸೂತಕ ಕಳೆಯುವವರೆಗೆ ತೊಳೆದು ಹಾಗೇ ಇಟ್ಟಿದ್ದೆವು. ಆಮೇಲೆ ನಾನು, ಸೊಸೆ ಇಬ್ಬರೂ ಆಟೋ ಮಾಡಿಕೊಂಡು ಮೂರು ದಿನ ತಿರುಗಿದೆವು. ಪ್ರತಿ ಮನೆಯಲ್ಲೂ ಚಹಾ, ಪ್ರತಿ ಮನೆಯಲ್ಲೂ ಅವ್ವನ ಒಂದು ಸುದ್ದಿ. ಒಬ್ಬಾಕೆ ತನ್ನ ಬಾಣಂತನದಲ್ಲಿ ಅವ್ವ ತಂದುಕೊಟ್ಟ ಅಂಟಿನುಂಡಿಯ ಡಬ್ಬಿಯನ್ನು ಹೊರಗೆ ತಂದು ತೋರಿಸಿದಳು. ಮಗನಿಗೆ ಈಗ ಮದುವೆಯ ವಯಸ್ಸು. ಡಬ್ಬಿ ಹಿಂದೆ ಕೊಟ್ಟಿರಲಿಲ್ಲ, ಈಗಲೂ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಇಪ್ಪತ್ತಮೂರರಲ್ಲಿ ಇಪ್ಪತ್ತೆರಡು ಮುಟ್ಟಿವೆ. ಒಂದು ಸಣ್ಣ ಸ್ಟೀಲ್ ಡಬ್ಬಿ ಉಳಿದಿದೆ, ಹೆಸರು ಸವೆದು ಹೋಗಿದೆ. ಅದನ್ನು ಬಳಸದೆ ಕಪಾಟಿನ ಮೇಲೆ ಇಟ್ಟಿದ್ದೇನೆ. ಯಾರದಿದ್ದರೂ ಬಂದು ಒಯ್ಯಲಿ. ಚಳಿ ಇರುವಾಗಲೇ ಬಂದರೆ ಅಗಸಿ ಚಟ್ನಿ, ಬಿಸಿಲು ಏರಿದ ಮೇಲಾದರೆ ಶೇಂಗಾ.