ಪಶ್ಚಿಮದ ಮುಖಕ್ಕೆ ಎರಡನೇ ಗಾಜು: ಬೆಂಗಳೂರಿನಲ್ಲಿ ಹೀಗೆ ಮಾಡಿದೆ

ಡಬಲ್ ಸ್ಕಿನ್, ಅಂದರೆ ಕಟ್ಟಡದ ಗೋಡೆಯ ಹೊರಗೆ ಸಂದು ಬಿಟ್ಟು ನಿಲ್ಲಿಸುವ ಇನ್ನೊಂದು ಗಾಜಿನ ಗೋಡೆ, ಚಳಿದೇಶದ ಸರಕು, ಇಲ್ಲಿ ಹಾಕಿದರೆ ಕಟ್ಟಡ ಒಲೆಯಾಗುತ್ತದೆ ಎಂದವರೇ ಎಲ್ಲರೂ. ಬಿಸಿಗಾಳಿಗೆ ದಾರಿ ಬಿಡದಿದ್ದರೆ ಆಗುವುದೂ ಅದೇ. ದಾರಿ ಬಿಟ್ಟ ಈ ನಾಲ್ಕು ಮಹಡಿಯ ಹಳೆಯ ಆಫೀಸು ಏಪ್ರಿಲ್ ದಾಟಿ ನಿಂತಿದೆ, ಅನುಮಾನವಿದ್ದವರು ಬಂದು ಕೈಯಿಟ್ಟು ನೋಡಬಹುದು.

ಒಳಗಿನ ಗೋಡೆ, ಕಿಟಕಿ ಮುಟ್ಟಲಿಲ್ಲ. ಹೊರಗೆ 12 ಮಿ.ಮೀ. ಟಫನ್ಡ್ ಗ್ಲಾಸ್, ಹೀಟ್ ಸೋಕ್ ಮಾಡಿಸಿದ್ದು (ಒಡೆಯುವ ಗಾಜು ಮೊದಲೇ ಒಡೆಯಲಿ ಎಂದು ಕುಲುಮೆಯಲ್ಲಿ ಕಾಯಿಸುವುದು). ಈ ಖರ್ಚು ಉಳಿಸಬೇಡಿ. ನಿಕಲ್ ಸಲ್ಫೈಡ್ ಕಣವಿರುವ ಗಾಜು ಯಾವಾಗ ಬೇಕಾದರೂ ತಾನಾಗಿ ಪುಡಿಯಾಗಬಹುದು, ಕೆಳಗೆ ಫುಟ್‌ಪಾತ್ ಇದೆ. ನಡುವಿನ ಸಂದು ಸುಮಾರು 700 ಮಿ.ಮೀ. ಗಾಳಿಗೆ ಇಷ್ಟು ಬೇಡ, ಗಾಜು ಒರೆಸುವವರು ನಿಲ್ಲಲು ಬೇಕು. ನಡೆಯುವ ಜಾಗಕ್ಕೆ ಗ್ರೇಟಿಂಗ್ (ಉಕ್ಕಿನ ಜಾಲರಿ) ಮಾತ್ರ, ತೂತಿಲ್ಲದ ಚೆಕ್ಕರ್ ಪ್ಲೇಟ್ ಹಾಕಿದರೆ ಗಾಳಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಜಿ.ಐ. (ಸತು ಲೇಪಿಸಿದ ಉಕ್ಕಿನ) ಬ್ರಾಕೆಟ್ಟಿಗೂ ಅಲ್ಯೂಮಿನಿಯಂಗೂ ನಡುವೆ ನೈಲಾನ್ ಪ್ಯಾಡ್, ಎರಡು ಲೋಹ ತಾಗಿ ಸವೆಯದಿರಲು. 3.6 ಮೀಟರಿನ ಮಲಿಯನ್ (ಗಾಜು ಹಿಡಿಯುವ ಅಲ್ಯೂಮಿನಿಯಂ ಕಂಬಿ) 40 ಡಿಗ್ರಿ ಏರಿಳಿತಕ್ಕೆ 3 ಮಿ.ಮೀ. ಮೀರಿ ಹಿಗ್ಗುತ್ತದೆ, ಹಾಗಾಗಿ ಒಂದು ತುದಿಗೆ ಬೋಲ್ಟ್ ಜರುಗುವಂತೆ ಉದ್ದನೆಯ ಸ್ಲಾಟ್ ಹೋಲ್.

ಮೊದಲು ಒಂದೇ ಬೇ (ಎರಡು ಕಂಬಗಳ ನಡುವಿನ ಭಾಗ) ಮಾದರಿ ಕಟ್ಟಿದ್ದು ಪ್ಯಾರಾಪೆಟ್ ಮಟ್ಟಕ್ಕೆ ನಿಂತಿತ್ತು, ಗಾಳಿ ಹೊರಹೋಗುವ ಮೇಲಿನ ಬಾಯಿಯೂ ಒಳಬರುವ ಕೆಳಗಿನದರಷ್ಟೇ. ಹೊರಗೆ 35 ಡಿಗ್ರಿ ಇದ್ದಾಗ ಮೇಲ್ಮಹಡಿಯ ಸಂದಿನಲ್ಲಿ 50 ದಾಟಿತು, ಅಲ್ಲಿ ಕಿಟಕಿ ತೆರೆದರೆ ಬಿಸಿ ನೇರ ಒಳಗೆ. ಎರಡೂ ಬಾಯಿ ಸಮನಾದರೆ ಸಂದಿನ ಒತ್ತಡವೂ ಹೊರಗಿನದೂ ಸಮನಾಗುವ ಮಟ್ಟ ನಡುವಿನಲ್ಲೇ ಉಳಿಯುತ್ತದೆ. ಅದರ ಮೇಲಿನ ಮಹಡಿಗಳತ್ತ ಸಂದಿನ ಬಿಸಿಗಾಳಿ ನುಗ್ಗುತ್ತದೆ. ಹೊರಗಾಜನ್ನು ತಾರಸಿಗಿಂತ ಒಂದೂವರೆ ಮೀಟರ್ ಎತ್ತರಿಸಿ, ಮೇಲಿನ ಬಾಯಿಯನ್ನು ಕೆಳಗಿನದರ ಒಂದೂವರೆ ಪಟ್ಟು ಮಾಡಿದ ಮೇಲೆ 42ರ ಆಸುಪಾಸಿಗೆ ಇಳಿಯಿತು. ಪರೀಕ್ಷೆಗೆ ಊದುಬತ್ತಿ ಸಾಕು: ಮೇಲ್ಮಹಡಿ ಕಿಟಕಿಯಲ್ಲಿ ಹಿಡಿದರೆ ಹೊಗೆ ಕೋಣೆಯಿಂದ ಸಂದಿಗೆ ಎಳೆದುಕೊಳ್ಳಬೇಕು. ಮುಂಗಾರಿನ ಪಶ್ಚಿಮದ ಗಾಳಿ ಹೊಡೆದಾಗಲೂ ಎಳೆಯುವಂತೆ ಬಾಯಿಗೆ ಒಂದು ಮಡಿಕೆಯ ತಗಡು ಕೂರಿಸಿದೆ. ಅದರ ಕೋನ ಮಾತ್ರ ಕೇಳಬೇಡಿ.

ಬ್ಲೈಂಡ್ ಒಳಗಾಜಿನ ಪಕ್ಕ ಬೇಡ, ಕಾದ ಪಟ್ಟಿ ಕೋಣೆಗೇ ಬಿಸಿ ಕೊಡುತ್ತದೆ. ಹೊರಗಾಜಿನಿಂದ 200 ಮಿ.ಮೀ. ಬಿಟ್ಟು ಹಾಕಿದರೆ ಎರಡೂ ಬದಿಯಲ್ಲಿ ಗಾಳಿ ಆಡುತ್ತದೆ. ಕೆಳಬಾಯಿಗೆ ಸೊಳ್ಳೆ ಪರದೆ ಹಾಕಿದ್ದು ಧೂಳಿಗೆ ಮುಚ್ಚಿಹೋಯಿತು. ಪಾರಿವಾಳ ತಡೆಯುವಷ್ಟು ದೊಡ್ಡ ಕಣ್ಣಿನ ವೆಲ್ಡ್ ಮೆಶ್ ಸಾಕು.

ಖರ್ಚು ಚದರ ಅಡಿಗೆ ಸುಮಾರು 1,500 ರೂಪಾಯಿ, ಅರ್ಧಕ್ಕರ್ಧ ಉಕ್ಕಿಗೇ ಹೋಯಿತು. ಪಶ್ಚಿಮ ಭಾಗಕ್ಕೆ ಬೇಕಾದ ಎ.ಸಿ. ಸಾಮರ್ಥ್ಯ 40 ಟನ್ನಿನಿಂದ 28ರ ಹತ್ತಿರಕ್ಕೆ ಬಂತು. ಕರೆಂಟ್ ಉಳಿತಾಯವೊಂದರಿಂದಲೇ ಹಣ ಹುಟ್ಟಲು ಹತ್ತು ವರ್ಷ ಮೀರಬಹುದು. ಮಾಲೀಕರು ಒಪ್ಪಿದ್ದು ರಸ್ತೆಯ ಗಲಾಟೆ ತಗ್ಗಿದ್ದಕ್ಕೆ. ಕಿಟಕಿ ತೆರೆದರೆ ಕೆಳಮಹಡಿಯ ಮಾತು ಸಂದಿನಲ್ಲಿ ಮೇಲಕ್ಕೆ ಕೇಳಿಸುತ್ತದೆ, ಅದನ್ನು ಮೊದಲೇ ಹೇಳಿಬಿಡಿ.

ಕೆಳಬಾಯಿಗೆ ನೀರಿನ ಮಿಸ್ಟ್ ಕೊಟ್ಟೂ ನೋಡಿದೆ. ಮೂರ್ನಾಲ್ಕು ಡಿಗ್ರಿ ಇಳಿಯಿತು, ಆದರೆ ಬೋರ್‌ವೆಲ್ ನೀರಿನ ಬಿಳಿ ಕಲೆ ಗಾಜು ಪೂರ್ತಿ ಹಿಡಿಯಿತು. ಆರ್.ಒ. (ಲವಣ ತೆಗೆದ) ನೀರಿನ ಖರ್ಚಿನ ಲೆಕ್ಕ ಹಾಕಿ ಪೈಪ್ ಬಿಚ್ಚಿಸಿದೆ.