ಜರ್ಮನಿಗೆ ಬಂದಿಳಿದವರಿಗೆ: ಬ್ಯಾಂಕು, ಕಾರ್ಡು, ಚಿಲ್ಲರೆ

ಬಂದ ಮೊದಲ ವಾರ ಮನೆ ಹತ್ತಿರದ ಬೇಕರಿಯಲ್ಲಿ ಎರಡು ಬ್ರೆಟ್ಸೆಲ್ ಕಟ್ಟಿಸಿಕೊಂಡು ಫೋನ್ ಮುಂದೆ ಹಿಡಿದೆ. ಕೌಂಟರಿನಲ್ಲಿದ್ದ ಹೆಂಗಸು ತಲೆಯಾಡಿಸಿ 'ನೂರ್ ಬಾರ್' ಅಂದರು. ಕ್ಯಾಶ್ ಮಾತ್ರ ಅಂತ. ಬೆಂಗಳೂರಿನಲ್ಲಿ ಎಳನೀರಿಗೂ ಸ್ಕ್ಯಾನ್ ಮಾಡಿ ಅಭ್ಯಾಸವಾಗಿದ್ದ ನಾನು ಪೊಟ್ಟಣ ಅಲ್ಲೇ ಬಿಟ್ಟು ಬಂದೆ. ಈಗ ಕಾರ್ಡ್ ತೆಗೆದುಕೊಳ್ಳುವ ಅಂಗಡಿಗಳು ಜಾಸ್ತಿಯಾಗಿವೆ. ಆದರೂ ಜೇಬಿನಲ್ಲಿ 20-30 ಯೂರೊ ಇರಲಿ, ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿ ಬಿಡಿಸಿಕೊಳ್ಳಲು ಒಂದು ನಾಣ್ಯವೂ ಇರಲಿ. ಕ್ಯಾಶ್ ತೆಗೆಯುವಾಗ ನಿಮ್ಮ ಬ್ಯಾಂಕಿಗೆ ಸೇರಿದ ಎಟಿಎಂ ಹುಡುಕಿ, ಬೇರೆಯದರಲ್ಲಿ ತೆಗೆದರೆ ಒಂದು ಊಟದ ದುಡ್ಡು ಫೀಸಿಗೇ ಹೋಗುತ್ತದೆ.

ಅಕೌಂಟಿಗೆ ಇಲ್ಲಿ ಗಿರೋಕೊಂಟೊ ಅನ್ನುತ್ತಾರೆ. ಬಹಳಷ್ಟು ಬ್ಯಾಂಕುಗಳು ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿಯ ಕಾಗದ ಕೇಳುತ್ತವೆ, ಹಾಗಾಗಿ ಅದು ಮೊದಲು. ಓದಲು ಬಂದವರು ವೀಸಾಕ್ಕಾಗಿ ಮೊದಲೇ ದುಡ್ಡು ಕಟ್ಟಿಟ್ಟ ಬ್ಲಾಕ್ಡ್ ಅಕೌಂಟಿನಿಂದ ತಿಂಗಳ ದುಡ್ಡು (2025ರಲ್ಲಿ 992 ಯೂರೊ) ಬರುವುದೂ ಈ ಗಿರೋಕೊಂಟೊಗೇ.

ಇನ್ನು ಹೆಸರು. ನಮ್ಮವರು ಜಾಸ್ತಿ ಒದ್ದಾಡುವುದು ಇಲ್ಲೇ. ಊರಿನಲ್ಲಿ ಇನಿಶಿಯಲ್ ಹಿಂದೆ ಬಂದರೂ ಮುಂದೆ ಬಂದರೂ ಯಾರೂ ಕೇಳುವುದಿಲ್ಲ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೂ ನಡೆಯುತ್ತದೆ. ಇಲ್ಲಿ ಫಾರ್ಮಿನಲ್ಲಿ ಎರಡೂ ಖಾನೆ ತುಂಬಲೇಬೇಕು. ಕೆಲಸದ ಕಾಂಟ್ರಾಕ್ಟಿನಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಒಂದು ಥರ, ಬಾಡಿಗೆ ಕರಾರಿನಲ್ಲಿ ಮೂರನೇ ಥರ ಬರೆದುಕೊಂಡು ಕೂತರೆ ಆಮೇಲೆ ತಲೆನೋವು. 2025ರ ಅಕ್ಟೋಬರ್‌ನಿಂದ ದುಡ್ಡು ಕಳಿಸುವಾಗ ಹೆಸರಿಗೂ ಇಬಾನ್‌ಗೂ (ಇಲ್ಲಿನ ಅಕೌಂಟ್ ನಂಬರ್) ತಾಳೆ ಆಗುತ್ತದಾ ಅಂತ ಬ್ಯಾಂಕೇ ನೋಡಿ ಹೇಳುತ್ತದೆ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಎಲ್ಲ ಕಡೆ ಕೊಡಿ.

ನಮಗೆ ನಿಜವಾಗಿ ಹೊಸದು ಲಾಸ್ಟ್‌ಶ್ರಿಫ್ಟ್. ನೀವು ಇಬಾನ್ ಕೊಟ್ಟು ಸಹಿ ಹಾಕಿದರೆ ಫೋನ್ ಕಂಪನಿ, ಕರೆಂಟಿನವರು, ಜಿಮ್, ಎಲ್ಲರೂ ತಾವೇ ಬಂದು ನಿಮ್ಮ ಅಕೌಂಟಿನಿಂದ ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಒಟಿಪಿ ಇಲ್ಲ, ಪ್ರತಿ ಸಲ ಕೇಳುವುದೂ ಇಲ್ಲ. ನಾನು ಒಂದು ಜಿಮ್ ಬಿಟ್ಟ ಮೇಲೆ, ಇನ್ಯಾಕೆ ಕೊಡಬೇಕು ಅಂತ ಆ ಕಂತನ್ನು ಬ್ಯಾಂಕ್ ಆ್ಯಪಿನಲ್ಲೇ ವಾಪಸ್ ಮಾಡಿಬಿಟ್ಟೆ. ಅಬ್ಬಾ ಎಷ್ಟು ಸುಲಭ ಅಂದುಕೊಂಡೆ. ಮೂರು ವಾರಕ್ಕೆ ಮಾನುಂಗ್, ಅಂದರೆ ಬಾಕಿ ಕಟ್ಟಿ ಅನ್ನುವ ಎಚ್ಚರಿಕೆಯ ಪತ್ರ ಬಂತು, ಬಾಕಿಯ ಮೇಲೆ ದಂಡವನ್ನೂ ಸೇರಿಸಿದ್ದರು. ಕಂತು ವಾಪಸ್ ಮಾಡಲು ಎಂಟು ವಾರ ಟೈಮ್ ಇರುವುದು ನಿಜ, ಆದರೆ ಅದರಿಂದ ಕಾಂಟ್ರಾಕ್ಟ್ ಮುಗಿಯುವುದಿಲ್ಲ. ಅದನ್ನು ಬೇರೆಯಾಗಿ ಬರೆದು ಕೊಟ್ಟೇ ಮುಗಿಸಬೇಕು. ಇಂಥ ಬಾಕಿ ಬೆಳೆಯುತ್ತಾ ಹೋದರೆ ಶುಫಾ, ಅಂದರೆ ಯಾರು ಸರಿಯಾಗಿ ದುಡ್ಡು ಕಟ್ಟುತ್ತಾರೆ ಅಂತ ಲೆಕ್ಕ ಇಡುವ ಕಂಪನಿಯ ದಾಖಲೆಗೆ ಹೋಗಿ ಕೂರಬಹುದು, ನಾಳೆ ಮನೆ ಹುಡುಕುವಾಗ ಮಾಲೀಕರು ಕೇಳುವುದು ಅದನ್ನೇ ಅಲ್ವಾ. ಶುಫಾದಲ್ಲಿ ನಿಮ್ಮ ಬಗ್ಗೆ ಏನಿದೆ ಅಂತ 'ಡಾಟೆನ್‌ಕೊಪೀ' ಕೇಳಿ ಪುಕ್ಕಟೆ ತರಿಸಿ ನೋಡಬಹುದು. ದುಡ್ಡು ಕಟ್ಟಿಸಿಕೊಳ್ಳುವ ಪುಟ ಮುಂದೆ ಕಾಣುತ್ತದೆ, ಪುಕ್ಕಟೆಯದನ್ನು ಸ್ವಲ್ಪ ಹುಡುಕಬೇಕು.

ಬಾಡಿಗೆಗೆ ಮಾತ್ರ ಡೌವರ್‌ಔಫ್ಟ್ರಾಗ್, ಅಂದರೆ ತಿಂಗಳು ತಿಂಗಳು ತಾನಾಗಿ ದುಡ್ಡು ಹೋಗುವ ಹಾಗೆ ಬ್ಯಾಂಕಿಗೆ ಕೊಟ್ಟಿಡುವ ಆದೇಶ ಹಾಕಿ. ಇದರಲ್ಲಿ ಪ್ರತಿ ತಿಂಗಳು ಕಳಿಸುವವರು ನೀವೇ, ತಾರೀಕೂ ನಿಮ್ಮದೇ. ತಿಂಗಳ ಮೂರನೇ ಕೆಲಸದ ದಿನದೊಳಗೆ ಬಾಡಿಗೆ ಕಟ್ಟಿರಬೇಕು. ಮೊತ್ತ ತುಂಬುವಾಗ ಹುಷಾರು, ಕರಾರಿನಲ್ಲಿ 1.250,00 ಅಂತಿದ್ದರೆ ಅದು ಸಾವಿರದ ಇನ್ನೂರೈವತ್ತು. ಇಲ್ಲಿ ಚುಕ್ಕೆ ಸಾವಿರಕ್ಕೆ, ಕಾಮಾ ಸೆಂಟಿಗೆ. ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟಬಹುದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದೊಂದು ಸಮಾಧಾನ.

ಕಾರ್ಡ್ ಕಳೆದುಹೋದರೆ 116 116ಕ್ಕೆ ಫೋನ್ ಮಾಡಿ ಬ್ಲಾಕ್ ಮಾಡಿಸಿ. ಈ ನಂಬರನ್ನು ಪರ್ಸಿನಲ್ಲಿ ಇಡಬೇಡಿ, ಪರ್ಸೇ ಹೋಗಿರುತ್ತದೆ!

ಊರಿನ ಸೇವಿಂಗ್ಸ್ ಅಕೌಂಟನ್ನು ಎನ್‌ಆರ್‌ಒ (ವಿದೇಶದಲ್ಲಿ ನೆಲೆಸಿದವರ ಅಕೌಂಟ್) ಮಾಡಿಸುವುದನ್ನು ಮುಂದಕ್ಕೆ ಹಾಕಬೇಡಿ. ವಿಮಾನ ಹತ್ತುವ ಮುಂಚೆ ಊರಿನ ಸಿಮ್ಮಿಗೆ ರೋಮಿಂಗ್ ಹಾಕಿಸಿ, ರೀಚಾರ್ಜ್ ಮಾಡುವ ಕೆಲಸ ಮನೆಯಲ್ಲಿ ಯಾರಿಗಾದರೂ ಒಪ್ಪಿಸಿ. ಒಂದು ಸಲ ಅದು ತಪ್ಪಿಹೋಗಿ, ಒಟಿಪಿ ಬರದೆ, ಅಪ್ಪನ ಔಷಧಿಗೆ ಎರಡು ಸಾವಿರ ಕಳಿಸಲು ನನಗೆ ನಾಲ್ಕು ದಿನ ಹಿಡಿಯಿತು.