ಆಫ್‌ಸೈಡ್ ತಿಳಿಯಬೇಕಾ? ಪಾಸ್ ಕೊಡುವವನ ಕಾಲು ನೋಡಿ

ಭಾನುವಾರ ಬೆಳಿಗ್ಗೆ ಮೈಸೂರಿನಲ್ಲಿ ಫುಟ್‌ಬಾಲ್ ನಡೆಯುವ ಯಾವ ಮೈದಾನಕ್ಕಾದರೂ ಹೋಗಿ ನಿಲ್ಲಿ. ಹತ್ತು ನಿಮಿಷದೊಳಗೆ ಒಂದು ಕೂಗು ಕೇಳುತ್ತದೆ: "ಸಾರ್, ಆಫ್‌ಸೈಡ್! ಕಾಣಲ್ವಾ ಸಾರ್?" ಫಾರ್ವರ್ಡ್‌ಗಳು, ಅಂದರೆ ಗೋಲು ಹೊಡೆಯುವವರು, ಮುಂಚೆಯೇ ಎದುರಾಳಿಯ ಗೋಲಿನ ಬಳಿ ಹೋಗಿ ಪಾಸ್‌ಗೆ ಕಾಯದಂತೆ ತಡೆಯುವ ನಿಯಮ ಅದು. ಬಾವುಟ ಹಿಡಿದು ಗೆರೆ ಪಕ್ಕ ಓಡುತ್ತಾ, ಆಫ್‌ಸೈಡ್ ಕಂಡರೆ ಬಾವುಟ ಎತ್ತುವ ಕೆಲಸ ನನ್ನದು. ಆ ಕೂಗುಗಳಲ್ಲಿ ಹೆಚ್ಚಿನವು ತಪ್ಪು. ಕೂಗುವವರಿಗೆ ನಿಯಮ ಗೊತ್ತಿಲ್ಲ ಅಂತಲ್ಲ. ನಿಯಮ ಬಾಯಿಪಾಠ ಇರುತ್ತದೆ. ನೋಡುವ ಹೊತ್ತು ತಪ್ಪಿರುತ್ತದೆ.

ಹೋದ ವರ್ಷ ಮಂಡ್ಯದಿಂದ ಬೆಳಗಿನ ರೈಲಿಗೆ ಬಂದಿದ್ದ ಹುಡುಗರ ತಂಡವೊಂದು ಸೆಮಿಫೈನಲ್‌ನಲ್ಲಿ ಸೋತದ್ದು ಇದೇ ತಪ್ಪಿನಿಂದ. ಆ ದಿನ ನಾನು ಪಂದ್ಯ ನೋಡಲು ಹೋಗಿದ್ದೆ. ಅವರ ಫಾರ್ವರ್ಡ್ ಹುಡುಗ ಸರಿಯಾದ ಹೊತ್ತಿಗೇ ಓಟ ಶುರು ಮಾಡಿದ್ದ. ಚೆಂಡು ಅವನ ಕಾಲಿಗೆ ಸಿಗುವಷ್ಟರಲ್ಲಿ ಡಿಫೆಂಡರ್‌ಗಳು ನಾಲ್ಕು ಹೆಜ್ಜೆ ಹಿಂದೆ ಉಳಿದಿದ್ದರು. ಆಫ್‌ಸೈಡ್ ಅಂತ ಬಾವುಟ ಮೇಲೆದ್ದಿತು, ಗೋಲು ರದ್ದಾಯಿತು. ಪಂದ್ಯ ಮುಗಿದ ಮೇಲೆ ಅವನು ಮೆಟ್ಟಿಲ ಮೇಲೆ ಒಂದು ಶೂ ಬಿಚ್ಚಿ, ಇನ್ನೊಂದನ್ನು ಬಿಚ್ಚದೆ ಸುಮ್ನೆ ಕೂತಿದ್ದ. "ನಾನು ಕಾದೇ ಓಡಿದ್ದು ಅಂಕಲ್" ಅಂದ. ಅವನು ಹೇಳಿದ್ದು ನಿಜ. ಆ ನಿಜ ಎಲ್ಲರಿಗೂ ಕಾಣಬೇಕು ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ನೆಲದ ಮೇಲೆ ಮೈದಾನ ಬರೆಯಿರಿ

ಒಂದು ಸೀಮೆಸುಣ್ಣ, ಹತ್ತು ಹುಣಸೆ ಬೀಜ, ನಾಲ್ಕು ಬಳೆಚೂರು, ಒಂದು ಕಡಲೆಬೀಜ ಸಾಕು. ಚೌಕಾಬಾರ ಆಡುವ ಮನೆಯಲ್ಲಿ ಇವೆಲ್ಲ ಇದ್ದೇ ಇರುತ್ತವೆ. ಬೀಜಗಳು ಡಿಫೆಂಡರ್‌ಗಳು, ಬಳೆಚೂರು ಗೋಲು ಹೊಡೆಯಲು ಬಂದವರು, ಕಡಲೆಬೀಜ ಚೆಂಡು. ಅಂಗಡಿಯಲ್ಲಿ ಮ್ಯಾಗ್ನೆಟ್ ಅಂಟಿಸುವ ಬೋರ್ಡ್ ಸಿಗುತ್ತದೆ, ಅದನ್ನು ಕೊಳ್ಳಬೇಡಿ. ಎರಡು ವಾರದಲ್ಲಿ ಮ್ಯಾಗ್ನೆಟ್ ಸಡಿಲವಾಗಿ, ಬೋರ್ಡ್ ಎತ್ತಿ ತೋರಿಸುವ ಹೊತ್ತಿಗೆ ಆಟಗಾರರು ಜಾರಿ ಕೆಳಗೆ ಬಂದಿರುತ್ತಾರೆ. ಆ ದುಡ್ಡಿಗೆ ಒಂದು ಒಳ್ಳೆಯ ಚೆಂಡು ಬರುತ್ತದೆ.

ಹೆಜ್ಜೆ 2: ಮೂರು ಪ್ರಶ್ನೆ ಕೇಳಿ

ಆಟಗಾರ ಎದುರಾಳಿಯ ಅರ್ಧ ಮೈದಾನದಲ್ಲಿ ಇದ್ದಾನಾ? ಚೆಂಡಿಗಿಂತ ಮುಂದೆ ಇದ್ದಾನಾ? ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತ ಗೋಲ್ ಗೆರೆಗೆ ಹತ್ತಿರ ಇದ್ದಾನಾ? ಮೂರಕ್ಕೂ ಹೌದು ಅಂದರೆ ಮಾತ್ರ ಅವನು ಆಫ್‌ಸೈಡ್ ಜಾಗದಲ್ಲಿದ್ದಾನೆ. ಒಂದಕ್ಕೆ ಇಲ್ಲ ಅಂದರೂ ಅಲ್ಲಿಗೆ ಮಾತು ಮುಗಿಯಿತು. ಸರಿಸಮ ನಿಂತಿದ್ದರೆ ಆಫ್‌ಸೈಡ್ ಅಲ್ಲ. 1990ರಿಂದ ಹಾಗೇ ಇದೆ. ತಲೆ, ಮೈ, ಕಾಲು ಲೆಕ್ಕಕ್ಕೆ ಬರುತ್ತವೆ, ಕೈ ಬರುವುದಿಲ್ಲ. ಕಂಕುಳ ಕೆಳಗಿನ ಮಟ್ಟದಿಂದ ಆಚೆಗೆ ಕೈ ಅಂತ ಲೆಕ್ಕ. ಡಿಫೆಂಡರ್‌ಗೂ ಗೋಲಿಗೂ (ಗೋಲ್‌ಕೀಪರ್‌ಗೂ) ಇದೇ ಅಳತೆ.

"ಕೊನೆಯಿಂದ ಎರಡನೆಯವನು" ಅನ್ನುವ ಮಾತನ್ನು ಜನ "ಕೊನೆಯ ಡಿಫೆಂಡರ್" ಅಂತ ಸುಲಭ ಮಾಡಿಕೊಳ್ಳುತ್ತಾರೆ. ಗೋಲಿ ಯಾವಾಗಲೂ ಹಿಂದೆ ಇರುತ್ತಾನೆ ಅಲ್ವಾ, ಅದಕ್ಕೆ. ಅವನು ಮುಂದೆ ಬಂದ ದಿನ ಈ ಲೆಕ್ಕ ಕೈಕೊಡುತ್ತದೆ. 2010ರ ವಿಶ್ವಕಪ್‌ನ ಮೊದಲ ಪಂದ್ಯ, ಜೋಹಾನ್ಸ್‌ಬರ್ಗ್, ದಕ್ಷಿಣ ಆಫ್ರಿಕಾ ಮತ್ತು ಮೆಕ್ಸಿಕೊ. ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆದ ಚೆಂಡು, ಹಿಡಿಯಲು ದಕ್ಷಿಣ ಆಫ್ರಿಕಾದ ಗೋಲಿ ಖುನೆ ಮುಂದಕ್ಕೆ ಬಂದಿದ್ದರು. ಗೋಲ್ ಗೆರೆ ಬಳಿ ಅವರದೇ ತಂಡದ ಒಬ್ಬ ಡಿಫೆಂಡರ್ ನಿಂತಿದ್ದ. ಚೆಂಡು ಮೆಕ್ಸಿಕೊದ ಆಟಗಾರನೊಬ್ಬನ ತಲೆಗೆ ತಗುಲಿ ಒಳಕ್ಕೆ ಬಂದಾಗ ಅದೇ ತಂಡದ ವೇಲಾ ಅದನ್ನು ಗೋಲಿನೊಳಗೆ ತಳ್ಳಿದರು. ಗೋಲು ರದ್ದಾಯಿತು. "ಅಲ್ಲೊಬ್ಬ ಇದ್ದನಲ್ಲ" ಅಂತ ಎಷ್ಟೋ ಜನ ವಾದಿಸಿದರು. ಆದರೆ ಕೊನೆಯವನು ಆ ಡಿಫೆಂಡರ್, ಎರಡನೆಯವರು ಗೋಲಿ. ವೇಲಾ ಗೋಲಿಗಿಂತ ಮುಂದಿದ್ದರು. ತೀರ್ಪು ಸರಿ. ಅದಕ್ಕೇ ಗೋಲಿ ಯಾರು, ಡಿಫೆಂಡರ್ ಯಾರು ಅನ್ನುವುದನ್ನು ಮರೆತು, ಗೋಲ್ ಗೆರೆಯ ಕಡೆಯಿಂದ ಒಂದು, ಎರಡು ಅಂತ ಎಣಿಸುವುದನ್ನು ರೂಢಿ ಮಾಡಿಕೊಳ್ಳಿ.

ಹೆಜ್ಜೆ 3: ಯಾವಾಗ ನೋಡಬೇಕು

ಎಲ್ಲರೂ ಎಡವುವುದು ಇಲ್ಲೇ. ಆ ಮೂರು ಪ್ರಶ್ನೆ ಕೇಳಬೇಕಾದದ್ದು ಪಾಸ್ ಕೊಡುವವನ ಕಾಲು ಚೆಂಡಿಗೆ ತಗುಲಿದ ಆ ಕ್ಷಣದಲ್ಲಿ. ಚೆಂಡು ಬಂದು ಸೇರಿದಾಗ ಅಲ್ಲ.

ಕ್ರಿಕೆಟ್ ನೋಡುವ ನಮಗೆ ಇದು ಕಷ್ಟವಾಗಬಾರದು. ಬೌಲರ್ ಕೈಯಿಂದ ಚೆಂಡು ಬಿಡುವವರೆಗೆ ನಾನ್‌ಸ್ಟ್ರೈಕರ್ ಕ್ರೀಸ್ ಬಿಟ್ಟರೆ ರನ್ ಔಟ್ ಆಗುವ ಅಪಾಯ. ಕೈ ಬಿಟ್ಟ ಮೇಲೆ ಅವನು ಹೊರಡಬಹುದು. ಚೆಂಡು ಬ್ಯಾಟಿಗೆ ತಗುಲುವಾಗ ಅವನು ಎರಡು ಗಜ ಮುಂದೆ ಇದ್ದರೆ ಯಾರೂ ಕೇಳುವುದಿಲ್ಲ. ಇಲ್ಲಿ ಪಾಸ್ ಕೊಡುವವನೇ ಬೌಲರ್, ಫಾರ್ವರ್ಡೇ ನಾನ್‌ಸ್ಟ್ರೈಕರ್, ಕ್ರೀಸ್ ಮಾತ್ರ ಡಿಫೆಂಡರ್ ಜೊತೆ ಓಡಾಡುತ್ತಿರುತ್ತದೆ.

ಲೆಕ್ಕ ಹಾಕಿ ನೋಡಿ. ಚುರುಕಾದ ಹುಡುಗ ಪೂರ್ತಿ ವೇಗದಲ್ಲಿ ಸೆಕೆಂಡಿಗೆ ಸುಮಾರು 7 ಮೀಟರ್ ಓಡುತ್ತಾನೆ. ಅದೇ ಹೊತ್ತಿಗೆ ಡಿಫೆಂಡರ್ ಎದುರು ದಿಕ್ಕಿಗೆ 3 ಮೀಟರ್ ಸರಿದರೂ ಒಂದು ಸೆಕೆಂಡಿನಲ್ಲಿ ಇಬ್ಬರ ನಡುವೆ 10 ಮೀಟರ್ ಅಂತರ. ಚೆಂಡು ಹೋಗಿ ಸೇರಲು ಒಂದು ಸೆಕೆಂಡ್ ಬೇಕಾದರೆ, ಪಾಸ್ ಹೊರಟಾಗ ಸರಿಸಮ ಇದ್ದವನು ಚೆಂಡು ಸಿಗುವಾಗ 10 ಮೀಟರ್ ಮುಂದೆ ಒಬ್ಬನೇ ಕಾಣುತ್ತಾನೆ. ಆಗ ಕಣ್ಣೆತ್ತಿ ನೋಡಿದವರು "ಆಫ್‌ಸೈಡ್" ಅಂತ ಕೂಗದೆ ಇನ್ನೇನು ಮಾಡುತ್ತಾರೆ? ಒಬ್ಬನೇ ಇದ್ದಾನೆ ಅನ್ನುವುದು ಅವನ ಓಟ ಚೆನ್ನಾಗಿತ್ತು ಅನ್ನುವುದಕ್ಕೂ ಸಾಕ್ಷಿಯಾಗಿರಬಹುದು.

ಇದರ ಉಲ್ಟಾವೂ ನಿಜ. ಪಾಸ್ ಹೊರಟಾಗ ಮುಂದೆ ಇದ್ದವನು ಆಮೇಲೆ ಹಿಂದಕ್ಕೆ ಓಡಿ ಬಂದು, ಡಿಫೆಂಡರ್‌ಗಳ ಈಚೆ ಚೆಂಡು ಹಿಡಿದರೂ ಆಫ್‌ಸೈಡೇ. ತನ್ನ ಅರ್ಧಕ್ಕೇ ವಾಪಸ್ ಬಂದು ಮುಟ್ಟಿದರೂ ಬಿಡುಗಡೆ ಇಲ್ಲ. ಫ್ರೀ ಕಿಕ್ ಅವನು ಮುಟ್ಟಿದ ಜಾಗದಿಂದ.

ಹಾಗಾದರೆ ಒಂದೇ ಸಲಕ್ಕೆ ಎರಡು ಕಡೆ ನೋಡುವುದು ಹೇಗೆ? ನೋಡಬೇಡಿ. ಕೇಳಿಸಿಕೊಳ್ಳಿ. ಬಾವುಟ ಹಿಡಿದವರು ಕಣ್ಣನ್ನು ಕೊನೆಯಿಂದ ಎರಡನೆಯವನ ಗೆರೆಯಲ್ಲಿಟ್ಟು, ಕಿವಿಯನ್ನು ಪಾಸಿಗೆ ಕೊಡಬೇಕು. 'ಟಪ್' ಅಂತ ಸದ್ದು ಬಂದ ಕ್ಷಣ ಕಣ್ಣ ಮುಂದೆ ಇದ್ದ ಚಿತ್ರವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಆಮೇಲೆ ಓಡುವವನ ಹಿಂದೆ ಕಣ್ಣು ಹೋಗಲಿ, ತೀರ್ಪು ಆಗಲೇ ಆಗಿದೆ. ನಾನು ಹೊಸಬರಿಗೆ ಹೀಗೆ ಕಲಿಸುತ್ತೇನೆ: ಇಬ್ಬರು ಗೆರೆಯಲ್ಲಿ ಓಡಾಡುತ್ತಿರಲಿ, ನಿಮ್ಮ ಬೆನ್ನ ಹಿಂದೆ ಇನ್ನೊಬ್ಬರು ಯಾವಾಗ ಬೇಕಾದರೂ ಚೆಂಡು ಒದೆಯಲಿ. ಸದ್ದು ಕೇಳಿದ ಕೂಡಲೇ ಕಣ್ಣು ಮುಚ್ಚಿ, ಯಾರು ಮುಂದಿದ್ದರು ಹೇಳಿ. ಮೊದಲ ದಿನ ತುಂಬಾ ತಪ್ಪಾಗುತ್ತದೆ. ಬಿಡಬೇಡಿ, ಒಂದು ವಾರ ಮಾಡಿ.

ನಿಲ್ಲುವ ಜಾಗವೂ ಅಷ್ಟೇ ಮುಖ್ಯ. ಗೆರೆಗೆ ಸಮನಾಗಿ ನಿಲ್ಲದೆ ಎರಡು ಹೆಜ್ಜೆ ಹಿಂದೆ ಬಿದ್ದರೂ ಸರಿಸಮ ಇದ್ದವನು ಮುಂದಿದ್ದಂತೆ ಕಾಣಬಹುದು. ಗ್ಯಾಲರಿಯ ಮೂಲೆಯಲ್ಲಿ ಕೂತವರಿಗೆ ಕಾಣುವುದೂ ಹಾಗೇ. ಟಿವಿಯಲ್ಲಿ ಕ್ಯಾಮೆರಾ ಓರೆಯಾಗಿರುತ್ತದೆ, ಆದ್ದರಿಂದ ಹುಲ್ಲು ಕತ್ತರಿಸಿದ ಅಡ್ಡಪಟ್ಟಿ ನೋಡಿ ಅಳೆಯಿರಿ. ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಬೆರಳಿನಿಂದ ಕೆಂಪು ಗೆರೆ ಎಳೆದು ಗ್ರೂಪಿಗೆ ಹಾಕುವ ಅಭ್ಯಾಸ ಬಿಟ್ಟುಬಿಡಿ. ಅದು ಚೆಂಡು ಕಾಲು ಬಿಟ್ಟ ಮೇಲಿನ ಚಿತ್ರವಾಗಿದ್ದರೆ ಗೆರೆ ಎಷ್ಟು ನೆಟ್ಟಗಿದ್ದರೂ ಪ್ರಯೋಜನ ಇಲ್ಲ. 2022ರ ಕತಾರ್ ವಿಶ್ವಕಪ್‌ನಲ್ಲಿ ಈ ಒಂದು ಕ್ಷಣ ಹಿಡಿಯಲು ಚೆಂಡಿನೊಳಗೆ ಸೆನ್ಸರ್ ಇಟ್ಟಿದ್ದರು. ಅದು ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುತ್ತಿತ್ತು. ಮೇಲೆ 12 ಕ್ಯಾಮೆರಾಗಳು ಪ್ರತಿ ಆಟಗಾರನ ಮೈಯ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗುರುತಿಸುತ್ತಿದ್ದವು. ಕಾಲು ಚೆಂಡಿಗೆ ತಗುಲಿದ ಹೊತ್ತು ಹಿಡಿಯುವುದು ಅಷ್ಟು ಸೂಕ್ಷ್ಮದ ಕೆಲಸ.

ಹೆಜ್ಜೆ 4: ಆಟದಲ್ಲಿ ಭಾಗವಹಿಸಿದನಾ ನೋಡಿ

ಆಫ್‌ಸೈಡ್ ಜಾಗದಲ್ಲಿ ನಿಂತಿರುವುದೇ ತಪ್ಪಲ್ಲ. ಅವನು ಚೆಂಡು ಮುಟ್ಟಬೇಕು, ಇಲ್ಲವೇ ಗೋಲಿಯ ಕಣ್ಣಿಗೆ ಅಡ್ಡ ನಿಲ್ಲುವುದು, ಎದುರಾಳಿಗೆ ಚೆಂಡು ಆಡಲು ಬಿಡದಿರುವುದು ಇಂಥದ್ದು ಮಾಡಬೇಕು. ಕಂಬಕ್ಕೆ ಬಡಿದು ಅಥವಾ ಗೋಲಿ ತಡೆದು ವಾಪಸ್ ಬಂದ ಚೆಂಡನ್ನು ಹೊಡೆದರೂ ಹಳೆಯ ಜಾಗದ ಲೆಕ್ಕವೇ ನಡೆಯುತ್ತದೆ. ಡಿಫೆಂಡರ್ ತಾನಾಗಿ, ಚೆಂಡು ಹಿಡಿತದಲ್ಲಿದ್ದು ಆಡಿದರೆ ಆ ಲೆಕ್ಕ ಅಳಿಸಿಹೋಗುತ್ತದೆ. ಸುಮ್ನೆ ಮೈಗೆ ತಗುಲಿ ತಿರುಗಿದರೆ ಇಲ್ಲ. ಥ್ರೋ, ಕಾರ್ನರ್, ಗೋಲ್ ಕಿಕ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಫ್ರೀ ಕಿಕ್‌ಗೆ ಇದೆ.

ಹೆಜ್ಜೆ 5: ದಾಟುವುದು ಹೇಗೆ

ಈಗ ಫಾರ್ವರ್ಡ್‌ಗಳ ಪಾಠ. ನನಗೆ ತುಂಬಾ ಇಷ್ಟದ ಭಾಗ.

ಡಿಫೆಂಡರ್‌ಗಳು ಒಂದೇ ಗೆರೆಯಲ್ಲಿ ನಿಂತು, ಪಾಸ್ ಹೊರಡುವ ಮುಂಚೆ ಒಟ್ಟಿಗೆ ಮುಂದೆ ಸರಿದು ನಿಮ್ಮನ್ನು ಹಿಂದೆ ಬಿಡುತ್ತಾರೆ. ಇದೇ ಟ್ರ್ಯಾಪ್, ಆಫ್‌ಸೈಡ್ ಬಲೆ. 1925ರವರೆಗೆ ಆಫ್‌ಸೈಡ್ ಆಗದಿರಲು ಫಾರ್ವರ್ಡ್‌ನ ಮುಂದೆ ಮೂವರು ಎದುರಾಳಿಗಳು ಇರಬೇಕಿತ್ತು, ಆಗ ಈ ಬಲೆ ಹಾಕುವುದು ಇನ್ನೂ ಸುಲಭವಾಗಿತ್ತು. ಮೂವರನ್ನು ಇಬ್ಬರಿಗೆ ಇಳಿಸಿದ ಮೇಲೆ ಇಂಗ್ಲೆಂಡಿನ ಲೀಗ್‌ನಲ್ಲಿ ಗೋಲುಗಳು ಒಮ್ಮೆಗೇ ಹೆಚ್ಚಿದವು. ಆದರೂ ಬಲೆ ಇವತ್ತಿಗೂ ಕೆಲಸ ಮಾಡುತ್ತದೆ. 2022ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ ಡಿಫೆಂಡರ್‌ಗಳ ಗೆರೆಯನ್ನು ತುಂಬಾ ಮೇಲಕ್ಕೆ, ಮೈದಾನದ ನಡುವಿನ ಕಡೆಗೆ ತಂದು ಆಡಿತು. ಮೊದಲ ಅರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲು ಆಫ್‌ಸೈಡ್ ಆದವು. ಪಂದ್ಯ ಸೌದಿಗೆ, 2–1.

ಮೊದಲ ಉಪಾಯ, ಬಾಗಿದ ಓಟ. ನೆಟ್ಟಗೆ ಗೋಲಿನ ಕಡೆ ಓಡಿದರೆ ಗೆರೆ ಬೇಗ ದಾಟುತ್ತೀರಿ. ಹಾಗಾಗಿ ಗೆರೆಯ ಉದ್ದಕ್ಕೆ, ಡಿಫೆಂಡರ್ ಮುಂದೆ ಅಡ್ಡಡ್ಡ ಓಡಿ. ಕಾಲಿಗೆ ವೇಗ ಬಂದಿರುತ್ತದೆ, ಗೆರೆ ದಾಟಿರುವುದಿಲ್ಲ. ಪಾಸ್ ಕೊಡುವವನ ಕಾಲು ಬೀಸಿದ್ದು ಕಂಡ ಕೂಡಲೇ ಒಳಕ್ಕೆ ತಿರುಗಿ. ನಿಂತಲ್ಲಿಂದ ಓಟ ಶುರು ಮಾಡುವ ಡಿಫೆಂಡರ್ ನಿಮ್ಮನ್ನು ಹಿಡಿಯುವುದು ಕಷ್ಟ. ನನ್ನ ಕೇಳಿದರೆ ಮಕ್ಕಳಿಗೆ ಇದೊಂದನ್ನೇ ಒಂದು ತಿಂಗಳು ಕಲಿಸಿ, ಬೇರೆ ಆಮೇಲೆ.

ಎರಡನೆಯದು, ಡಿಫೆಂಡರ್ ಬೆನ್ನ ಕಡೆ ನಿಲ್ಲುವುದು. ಅವನು ಚೆಂಡು ನೋಡಿದರೆ ನೀವು ಕಾಣಬಾರದು, ನಿಮ್ಮನ್ನು ನೋಡಿದರೆ ಚೆಂಡು ಅವನ ಕಣ್ಣಿಗೆ ತಪ್ಪಬೇಕು. ಮೂರನೆಯದು, ಗೋಲ್ ಗೆರೆಯವರೆಗೆ ಚೆಂಡು ಒಯ್ದು ಹಿಂದಕ್ಕೆ ಕೊಡುವುದು. ಚೆಂಡಿಗಿಂತ ಹಿಂದೆ ಇರುವವನಿಗೆ ಆಫ್‌ಸೈಡೇ ಇಲ್ಲ, ಮುಂದೆ ಡಿಫೆಂಡರ್ ಒಬ್ಬರೂ ಇಲ್ಲದಿದ್ದರೂ ಸರಿ. ಎದುರಾಳಿ ತುಂಬಾ ಮೇಲೆ ಬಂದಿದ್ದರೆ ನಿಮ್ಮ ಅರ್ಧದೊಳಗಿಂದಲೇ ಓಟ ಹೊರಡಿ. ಟ್ರ್ಯಾಪ್‌ಗೆ ನಾಲ್ವರೂ ಒಟ್ಟಿಗೆ ಸರಿಯಬೇಕು. ಯಾರು ಅರ್ಧ ಹೆಜ್ಜೆ ತಡ ಮಾಡುತ್ತಾರೆ ಅಂತ ಮೊದಲ ಹತ್ತು ನಿಮಿಷ ನೋಡಿಕೊಂಡು, ಆಮೇಲೆ ಅವನ ಪಕ್ಕದಲ್ಲೇ ಇರಿ.

ಪಾಸ್ ಕೊಡುವವನಿಗೂ ಒಂದು ಮಾತು. ಹೆಚ್ಚಿನ ಆಫ್‌ಸೈಡ್ ಆಗುವುದು ಅವನು ತಡ ಮಾಡಿದ್ದಕ್ಕೆ. ಚೆಂಡನ್ನು ಎರಡು ಸಲ ತಟ್ಟಿ, ತಲೆಯೆತ್ತಿ, ಆಮೇಲೆ ಕೊಡುವಷ್ಟರಲ್ಲಿ ಫಾರ್ವರ್ಡ್ ಗೆರೆ ದಾಟಿರುತ್ತಾನೆ. ಬೈಗುಳ ಮಾತ್ರ ಫಾರ್ವರ್ಡ್‌ಗೆ ಬೀಳುತ್ತದೆ.

ಅಭ್ಯಾಸಕ್ಕೆ ನಾಲ್ವರು ಸಾಕು. ಒಬ್ಬ ಪಾಸ್ ಕೊಡುವವನು, ಒಬ್ಬ ಓಡುವವನು, ಇಬ್ಬರು ಡಿಫೆಂಡರ್‌ಗಳು. ಗೆರೆಗೆ ಪ್ಲಾಸ್ಟಿಕ್ ಕೋನ್ ಬೇಡ, ಒಂದು ಮಳೆಗಾಲಕ್ಕೇ ಸೀಳುತ್ತವೆ. ಹಳೆಯ ಚಪ್ಪಲಿ ಇಡಿ. ಓಡುವವನು ಒಳಕ್ಕೆ ತಿರುಗುವ ಹೊತ್ತಿಗೆ "ಈಗ" ಅಂತ ಗಟ್ಟಿಯಾಗಿ ಕೂಗಲಿ. ನೀವು ಪಕ್ಕದಲ್ಲಿ ನಿಂತು 'ಟಪ್' ಕೇಳಿಸಿಕೊಳ್ಳಿ. ಹೋದ ತಿಂಗಳು ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ಇದನ್ನು ಮಾಡಿಸುತ್ತಿದ್ದೆ. ಶುರುವಿನಲ್ಲಿ ಅವಳ "ಈಗ" ಮೊದಲು, ಸದ್ದು ಆಮೇಲೆ ಬರುತ್ತಿತ್ತು. ಮೂರನೇ ವಾರ ಎರಡೂ ಒಟ್ಟಿಗೆ ಕೇಳಿದವು. ನಾನು ತಿರುಗಿ ನೋಡುವಷ್ಟರಲ್ಲಿ ಅವಳು ಚಪ್ಪಲಿ ಗೆರೆ ದಾಟಿ, ಗೋಲಿನ ಮುಂದೆ ಒಬ್ಬಳೇ ಇದ್ದಳು.